ಬಿಡುಗಡೆಯಾದರೂ ಬಿಡದ ಭಯ

‘ಕೋರ್ಟು ಜೈಲಿಗೆ ಹಾಕದೆ ಮನೆಗೆ ಕಳಿಸಿದೆ, ಅವನಿಗಿನ್ನೇನು ಚಿಂತೆ?’ ಪ್ರೊಬೇಷನ್ ಮೇಲೆ ಬಿಡುಗಡೆಯಾದವರ ಬಗ್ಗೆ ಊರು ಆಡುವ ಮಾತಿದು. ನಿಜ ಬೇರೆಯೇ ಇದೆ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯಡಿ ಹೊರಬಂದವರು ನಿರ್ದೋಷಿಗಳೆಂದು ಬಿಡುಗಡೆಯಾದವರಲ್ಲ. ತಪ್ಪು ಸಾಬೀತಾಗಿದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದ್ದಾರೆ, ಅಷ್ಟೆ. ಆ ಮುಚ್ಚಳಿಕೆಯ ಅವಧಿ ಮೂರು ವರ್ಷದವರೆಗೂ ಇರಬಹುದು. ಷರತ್ತು ಮುರಿದರೆ ಮೂಲ ಅಪರಾಧಕ್ಕೇ ಶಿಕ್ಷೆ ಕೊಡುವ ಅಧಿಕಾರ ಕೋರ್ಟಿಗಿದೆ. ಇತ್ತ ಕೆಲಸ ಹೋಗಿರುತ್ತದೆ, ನೆಂಟರು ದೂರವಾಗಿರುತ್ತಾರೆ. ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಪ್ರೊಬೇಷನ್‌ನಲ್ಲಿದ್ದವರ ಬಗ್ಗೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು ಶೇಕಡಾ 39 ಮಂದಿಗೆ ಆ ಹೊತ್ತಿನಲ್ಲೇ ಯಾವುದಾದರೊಂದು ಮಾನಸಿಕ ಕಾಯಿಲೆ ಇರುವುದು ಕಂಡುಬಂತು.

ಕಾಯಿಲೆ ಇದೆ ಎಂದೊಡನೆ ಎರಡನೇ ತಪ್ಪು ಕಲ್ಪನೆ ಹುಟ್ಟಿಕೊಳ್ಳುತ್ತದೆ: ‘ತಲೆ ಸರಿಯಿಲ್ಲದ್ದಕ್ಕೇ ಹಾಗೆ ಮಾಡಿದ, ಮಾತ್ರೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ.’ ಕರುಣೆಯ ಮಾತಿನಂತೆ ಕೇಳಿಸುವುದರಿಂದ ಇದು ಹೆಚ್ಚು ಅಪಾಯಕಾರಿ. ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ ಇದ್ದ 143 ಮಂದಿ ಮಾಡಿದ 429 ಅಪರಾಧಗಳನ್ನು ಅಮೆರಿಕದ ಸಂಶೋಧಕರು ಒಂದೊಂದಾಗಿ ಪರಿಶೀಲಿಸಿದ್ದಾರೆ. ರೋಗಲಕ್ಷಣದಿಂದಲೇ ನೇರವಾಗಿ ನಡೆದದ್ದು ಕೇವಲ ಶೇಕಡಾ 7.5. ಮಿಕ್ಕವುಗಳ ಹಿಂದೆ ಕುಡಿತ, ಸಹವಾಸ, ಸಿಟ್ಟು, ನಿರುದ್ಯೋಗ ಹೀಗೆ ಯಾರನ್ನಾದರೂ ತಪ್ಪಿಗೆ ತಳ್ಳುವ ಕಾರಣಗಳೇ ಇರಬಹುದು. ಹಾಗಾದರೆ ಚಿಕಿತ್ಸೆ ಬೇಡವೇ? ಖಂಡಿತ ಬೇಕು. ಆ ಮನುಷ್ಯ ನರಳುತ್ತಿದ್ದಾನೆ, ಅದೊಂದು ಕಾರಣವೇ ಸಾಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಕರೆಯುತ್ತದೆ. ಅಪರಾಧಿಯನ್ನು ಅದರಿಂದ ಹೊರಗಿಟ್ಟಿಲ್ಲ. ಆದರೆ ಮಾತ್ರೆಯೊಂದನ್ನೇ ಕೊಟ್ಟು ಕೈತೊಳೆದುಕೊಂಡು, ಆಮೇಲೆ ಅವನು ಮತ್ತೆ ತಪ್ಪಿದಾಗ ‘ಚಿಕಿತ್ಸೆ ಕೊಟ್ಟರೂ ಬದಲಾಗಲಿಲ್ಲ’ ಎನ್ನುವುದು ಅನ್ಯಾಯ. ದುಡಿಮೆ, ಮದ್ಯ ಬಿಡಿಸುವ ನೆರವು, ತಲೆಯ ಮೇಲೊಂದು ಸೂರು ಇವೂ ಜೊತೆಗೆ ಸಿಗಬೇಕು. ಯೋಗ್ಯ ಉದ್ಯೋಗ ಹುಡುಕಿಕೊಡಲು ಶ್ರಮಿಸುವುದನ್ನು 1958ರ ಕಾಯ್ದೆಯೇ ಪ್ರೊಬೇಷನ್ ಅಧಿಕಾರಿಯ ಕರ್ತವ್ಯಗಳಲ್ಲಿ ಸೇರಿಸಿದೆ.

ಅಧಿಕಾರಿಯೆಂದರೆ ಸಹಿ ಹಾಕಿಸಿಕೊಳ್ಳುವವರು, ಗದರಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಬೇರೂರಿದೆ. ಸಂಶೋಧಕಿ ಜೆನಿಫರ್ ಸ್ಕೀಮ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತದ್ವಿರುದ್ಧವಾಗಿದೆ. ಅಧಿಕಾರಿಯ ವರ್ತನೆ ಒರಟಾಗಿದ್ದಲ್ಲಿ ಷರತ್ತು ಮುರಿದವರು ಹೆಚ್ಚು. ಕಟ್ಟುನಿಟ್ಟಿನ ಜೊತೆಗೆ ನ್ಯಾಯ, ಕಾಳಜಿ, ನಂಬಿಕೆ ಇದ್ದಲ್ಲಿ ಕಡಿಮೆ. ಅಧಿಕಾರಿ ಮನೋವೈದ್ಯರಾಗಬೇಕಿಲ್ಲ. ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳಲಾಗದೆ ಹಾಜರಿ ತಪ್ಪಿಸಿದವನನ್ನು ಉದ್ಧಟನೆಂದು ವರದಿ ಬರೆಯುವ ಮುನ್ನ ‘ಯಾಕಪ್ಪಾ, ರಾತ್ರಿ ನಿದ್ದೆ ಬರುತ್ತಾ?’ ಎಂದು ಕೇಳಿದರೂ ದೊಡ್ಡದು.

‘ಡಾಕ್ಟರ ಹತ್ತಿರ ಬಾಯಿಬಿಟ್ಟರೆ ಎಲ್ಲ ಕೋರ್ಟಿಗೆ ಹೋಗುತ್ತದೆ’ ಎಂಬ ಅಂಜಿಕೆಯಿಂದ ಎಷ್ಟೋ ಮಂದಿ ಮೌನವಾಗಿ ಉಳಿಯುತ್ತಾರೆ. 2017ರ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಕಾಪಾಡುತ್ತದೆ. ಜೀವಾಪಾಯ, ಇನ್ನೊಬ್ಬರಿಗೆ ಹಾನಿ, ನ್ಯಾಯಾಲಯದ ಆದೇಶದಂಥ ಕೆಲವು ವಿನಾಯಿತಿಗಳಿವೆ. ಅವು ಯಾವುವು ಎಂದು ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳಬಹುದು.

ಇನ್ನು, ಇದೆಲ್ಲ ಬೆಂಗಳೂರಿನವರಿಗೆ, ದುಡ್ಡಿದ್ದವರಿಗೆ ಎನ್ನುವವರಿಗೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416; ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಕೋರ್ಟಿನ ಆದೇಶವೂ ಬೇಡ, ಅಧಿಕಾರಿಯ ಅನುಮತಿಯೂ ಬೇಡ.