ವಾಟ್ಸಾಪಿನಲ್ಲಿ ಬರುವ ವೈರಸ್: ಗುರುತು ಮತ್ತು ಹತೋಟಿ



ಮೆಣಸಿನಕಾಯಿಯ ಎಲೆ ಮುಟುರು ರೋಗ, ಹೆಸರಿನ ಹಳದಿ ನಂಜು ರೋಗ, ಏಲಕ್ಕಿಯ ಕಟ್ಟೆ ರೋಗ ಮುಂತಾದ ವೈರಸ್ ರೋಗಗಳನ್ನು ನೀವು ಬಲ್ಲಿರಿ. ಇಲ್ಲಿ ತಿಳಿಸಹೊರಟಿರುವುದು ಇನ್ನೊಂದು ಬಗೆಯ ವೈರಸ್ಸಿನ ವಿಚಾರ. ಇದು ವಾಟ್ಸಾಪ್ ಸಂದೇಶದ ಜೊತೆಯಲ್ಲಿ ಬಂದು ಮೊಬೈಲ್ ಫೋನನ್ನು ಸೇರುತ್ತದೆ. ಬ್ಯಾಂಕ್ ಖಾತೆಯಲ್ಲಿರುವ ಹಣವನ್ನು ಕೊಂಡೊಯ್ಯುತ್ತದೆ. ಬೇಸಾಯಶಾಸ್ತ್ರದವರಿಗೆ ಇದರ ಗೊಡವೆ ಏಕೆಂದು ನೀವು ಕೇಳಬಹುದು. ತರಬೇತಿ ಶಿಬಿರದಲ್ಲಿ ಕಳೆನಾಶಕದ ಪ್ರಮಾಣ ಬರೆದುಕೊಂಡ ರೈತರೇ ಊಟದ ಬಿಡುವಿನಲ್ಲಿ ಹತ್ತಿರ ಬಂದು, ಫೋನು ತೋರಿಸಿ, "ಇದನ್ನು ಒತ್ತಬಹುದೇ ಸಾರ್?" ಎಂದು ಕೇಳುತ್ತಿದ್ದಾರೆ. ಬಿತ್ತನೆಗೆಂದು ತಂದ ಬೆಳೆಸಾಲ ಖಾತೆಯಿಂದ ಹೋದರೆ ಬೀಜಕ್ಕೂ ಗೊಬ್ಬರಕ್ಕೂ ಕೈಸಾಲ ಹುಡುಕಬೇಕು. ಅಷ್ಟರಲ್ಲಿ ಹದ ತಪ್ಪಿರುತ್ತದೆ. ಆದ್ದರಿಂದ ಇದು ಬೇಸಾಯದ ವಿಷಯವೂ ಹೌದು.

ಹಿನ್ನೆಲೆ

ಗಣಕಯಂತ್ರದ ವೈರಸ್ ಎಂಬುದು ಮನುಷ್ಯನೇ ಬರೆದ ಒಂದು ಕೆಟ್ಟ ತಂತ್ರಾಂಶ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ 'ಬ್ರೇನ್' ಎಂಬುದು ಫ್ಲಾಪಿ ತಟ್ಟೆಗಳ ಮೂಲಕ ಹರಡಿತು. 2000ದ ಮೇ ತಿಂಗಳಿನಲ್ಲಿ 'ಐ ಲವ್ ಯೂ' ಎಂಬ ವೈರಸ್ ಪ್ರೇಮಪತ್ರದ ವೇಷದಲ್ಲಿ ಇ-ಮೇಲಿನೊಳಗೆ ಬಂದಿತು. ಜನರು ಇ-ಮೇಲಿನಿಂದ ತ್ವರಿತ ಸಂದೇಶಗಳ ಕಡೆಗೆ ತಿರುಗಿದಂತೆ ವೈರಸ್ಸುಗಳೂ ಅತ್ತ ತಿರುಗಿದವು. 2005ರಲ್ಲಿ 'ಬ್ರೋಪಿಯಾ', 'ಕೆಲ್ವಿರ್' ಎಂಬವು ಆಗ ಬಳಕೆಯಲ್ಲಿದ್ದ ಎಂ.ಎಸ್.ಎನ್. ಮೆಸೆಂಜರಿನಲ್ಲಿ ಹರಡಿದವು. 2012ರಲ್ಲಿ ಸ್ಕೈಪಿನಲ್ಲಿ "ಇದು ನಿನ್ನ ಹೊಸ ಚಿತ್ರವೇ?" ಎಂಬರ್ಥದ ಸಂದೇಶದೊಡನೆ ಇನ್ನೊಂದು ಬಂದಿತು. ಮನೆಯವರು, ಗೆಳೆಯರು, ನೆಂಟರ ಹೆಸರಿನಲ್ಲಿಯೇ ಬರುವುದು ಇವೆಲ್ಲವುಗಳ ಸಾಮಾನ್ಯ ಗುಣ. ನಮ್ಮ ಹಳ್ಳಿಗಳಿಗೆ ಬರುತ್ತಿರುವುದೂ ಇದೇ ವಂಶದ್ದು.

ನಮ್ಮಲ್ಲಿ ಬರುವ ಬಗೆ

ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿಗಳು 2,000ದಂತೆ ಮೂರು ಕಂತುಗಳಲ್ಲಿ ಖಾತೆಗೆ ಜಮೆಯಾಗುವುದು ನಿಮಗೆ ಗೊತ್ತು. ಕಂತು ಬರುವ ಸಮಯಕ್ಕೆ ಸರಿಯಾಗಿ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಕಾಣಿಸಿಕೊಳ್ಳುತ್ತದೆ: ನಿಮ್ಮ ಕಂತು ತಡೆಹಿಡಿಯಲಾಗಿದೆ, ಕೆಳಗಿನ ಆ್ಯಪ್ ಹಾಕಿಕೊಂಡು ಇ-ಕೆವೈಸಿ ಮುಗಿಸಿ, ಇಲ್ಲವಾದರೆ ಹೆಸರು ಪಟ್ಟಿಯಿಂದ ತೆಗೆಯಲಾಗುವುದು, ಎಂದು. ಕೆಳಗೆ ಒಂದು ಫೈಲು ಇರುತ್ತದೆ. ಇದನ್ನು ನಂಬಿದವರನ್ನು ದಡ್ಡರೆನ್ನುವುದು ಸರಿಯಲ್ಲ. ಇ-ಕೆವೈಸಿ ನಿಜವಾಗಿಯೂ ಕಡ್ಡಾಯ. 2023ರ ಜೂನ್‌ನಿಂದ ಮುಖ ತೋರಿಸಿ ಅದನ್ನು ಮುಗಿಸುವ ಸರ್ಕಾರಿ ಆ್ಯಪ್ ಸಹ ಉಂಟು. 2020ರ ಮುಂಗಾರಿನಲ್ಲಿ ಕರ್ನಾಟಕದಲ್ಲಿ ರೈತರೇ ಆ್ಯಪಿನಲ್ಲಿ ಬೆಳೆ ಸಮೀಕ್ಷೆ ದಾಖಲಿಸುವ ವ್ಯವಸ್ಥೆಯೂ ಬಂದಿತು. ಆ್ಯಪ್ ಹಾಕಿಕೊಳ್ಳಿರೆಂದು ಇಲಾಖೆಗಳೇ ಹೇಳುತ್ತಿರುವಾಗ, ಅದೇ ಮಾತನ್ನು ಕಳ್ಳನೂ ಹೇಳಿದರೆ ವ್ಯತ್ಯಾಸ ತಿಳಿಯುವುದು ಸುಲಭವಲ್ಲ. ಜನರನ್ನು ಆ್ಯಪಿಗೆ ದಾಟಿಸುವ ಮೊದಲು ಅಸಲಿ ನಕಲಿಗಳ ಗುರುತನ್ನು ಇನ್ನಷ್ಟು ಚೆನ್ನಾಗಿ ಕಲಿಸಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ಕಿಸಾನ್ ಹೆಸರು ಮಾತ್ರವಲ್ಲ. ಮದುವೆಯ ಕರೆಯೋಲೆ, ವಾಹನದ ದಂಡದ ಚಲನ್, ಬ್ಯಾಂಕಿನ ಆಧಾರ್ ಜೋಡಣೆ, ಹೀಗೆ ನಾನಾ ವೇಷಗಳಲ್ಲಿ ಇದು ಬರುತ್ತದೆ. ವೇಷ ಯಾವುದಾದರೂ ಫೈಲಿನ ಹೆಸರಿನ ಬಾಲ ಒಂದೇ: ಒಂದು ಚುಕ್ಕೆ, ಅದರ ನಂತರ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳು. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪನ್ನು ಸ್ಥಾಪಿಸುವ ಕಟ್ಟು. ಲಗ್ನಪತ್ರಿಕೆ ಚಿತ್ರವಾಗಿ ಬಂದರೆ ಬಾಲದಲ್ಲಿ ಜೆಪಿಜಿ ಎಂದೂ, ಕಾಗದವಾಗಿ ಬಂದರೆ ಪಿಡಿಎಫ್ ಎಂದೂ ಇರುತ್ತದೆ. ಲಗ್ನಪತ್ರಿಕೆಗೆ ಎಪಿಕೆ ಬಾಲ ಇರಲು ಯಾವ ಕಾರಣವೂ ಇಲ್ಲ.

ಪರಿಚಿತರ ನಂಬರಿನಿಂದ ಬಂದಿದೆ ಎಂಬುದು ಇಲ್ಲಿ ಭರವಸೆಯಾಗದು. ಹುಚ್ಚೆಳ್ಳಿನ ಬೀಜದಲ್ಲಿ ಕಸ್ಕ್ಯೂಟ ಕಳೆಯ ಬೀಜ ಬೆರೆತು ಬರುವುದನ್ನು ನೋಡಿದ್ದೀರಿ. ಬೀಜ ಕೊಟ್ಟ ನೆರೆಯವನು ಒಳ್ಳೆಯವನೇ. ಅದರಲ್ಲಿ ಏನು ಬೆರೆತಿದೆಯೆಂದು ಅವನಿಗೇ ಗೊತ್ತಿರುವುದಿಲ್ಲ. ಫೈಲು ಕಳುಹಿಸಿದ ಭಾವಮೈದುನನಿಗಂತೂ ತನ್ನ ನಂಬರಿನಿಂದ ಅದು ಹೋಗಿದೆಯೆಂಬುದೇ ತಿಳಿದಿರುವುದಿಲ್ಲ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಫೋನಿನೊಳಗೆ ನಡೆಯುವುದೇನು?

ಫೈಲು ಫೋನಿಗೆ ಬಂದು ಬಿದ್ದ ಮಾತ್ರಕ್ಕೆ ಈ ಬಗೆಯ ವೈರಸ್ ಕೆಲಸ ಮಾಡುವುದಿಲ್ಲ. (2019ರಲ್ಲಿ ಬೆಳಕಿಗೆ ಬಂದ 'ಪೆಗಾಸಸ್' ದಾಳಿಯಲ್ಲಿ ವಾಟ್ಸಾಪ್ ಕರೆಯೊಂದು ಬಂದರೆ ಸಾಕಾಗಿತ್ತು, ಅದು ಬೇರೆ ಜಾತಿ, ಅದರ ಗುರಿಯೂ ಬೇರೆ.) ನೀವು ಫೈಲನ್ನು ಒತ್ತಿದಾಗ ಫೋನು ತಡೆದು, ಇದು ಅಪರಿಚಿತ ಮೂಲದಿಂದ ಬಂದ ಆ್ಯಪ್, ಇದಕ್ಕೆ ಅವಕಾಶ ಕೊಡುವಿರಾ ಎಂದು ಕೇಳುತ್ತದೆ. ಇದು ಮೊದಲ ಬೇಲಿ. ಇದನ್ನು ದಾಟಿ ಸ್ಥಾಪಿಸಿದರೆ ಆ್ಯಪ್ ಒಂದೊಂದೇ ಅನುಮತಿ ಕೇಳತೊಡಗುತ್ತದೆ: ಎಸ್‌ಎಂಎಸ್ ಓದಲು, ಕರೆ ಮಾಡಲು, ನಿಮ್ಮಲ್ಲಿರುವ ನಂಬರುಗಳ ಪಟ್ಟಿ ನೋಡಲು. ಕೆಲವು 'ಆಕ್ಸೆಸಿಬಿಲಿಟಿ' ಎಂಬ ಅನುಮತಿಯನ್ನೂ ಕೇಳುತ್ತವೆ. ದೃಷ್ಟಿ ಕಡಿಮೆ ಇರುವವರ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಅದು. ಅದನ್ನು ಪಡೆದ ಆ್ಯಪ್ ನಿಮ್ಮ ಪರದೆಯನ್ನು ಓದಬಲ್ಲದು, ನಿಮ್ಮ ಬದಲಿಗೆ ಗುಂಡಿಗಳನ್ನು ಒತ್ತಬಲ್ಲದು. ಮನೆಯ ಬೀಗದ ಕೈಯನ್ನೂ ಕಣಜದ ಕೈಯನ್ನೂ ಒಟ್ಟಿಗೆ ಕೊಟ್ಟಂತೆ.

ನಂತರ ಸರ್ಕಾರದ ಮುದ್ರೆಯಿರುವಂತೆ ತೋರುವ ಒಂದು ನಮೂನೆ ತೆರೆದು ಹೆಸರು, ಆಧಾರ್, ಕಾರ್ಡಿನ ಸಂಖ್ಯೆ, ಯುಪಿಐ ಪಿನ್ ಕೇಳುವುದುಂಟು. ತುಂಬಿದ ವಿವರ ನೇರವಾಗಿ ಮೋಸಗಾರರಿಗೆ ಹೋಗುತ್ತದೆ. ಅವರು ಹಣ ತೆಗೆಯಲು ಯತ್ನಿಸಿದಾಗ ಬ್ಯಾಂಕು ಕಳುಹಿಸುವ ಒಟಿಪಿ ನಿಮ್ಮ ಫೋನಿಗೇ ಬರುತ್ತದೆ. ಆದರೆ ವೈರಸ್ ಅದನ್ನು ಓದಿ ಅತ್ತ ಸಾಗಿಸುತ್ತದೆ. "ನಾನು ಯಾರಿಗೂ ಒಟಿಪಿ ಹೇಳಲೇ ಇಲ್ಲ" ಎಂದು ನೊಂದವರು ಹೇಳುವುದು ನಿಜವೇ. ಒಟಿಪಿ ಹೇಳಬೇಡಿ ಎಂಬ ಹಳೆಯ ಎಚ್ಚರಿಕೆಯೊಂದೇ ಇಲ್ಲಿ ಸಾಲದು.

ಇದೇ ದಾರಿಯಲ್ಲಿ ವಾಟ್ಸಾಪ್ ಕಳವಾಗುತ್ತದೆ. ಮೋಸಗಾರನು ತನ್ನ ಫೋನಿನಲ್ಲಿ ನಿಮ್ಮ ನಂಬರಿನ ವಾಟ್ಸಾಪ್ ತೆರೆಯುತ್ತಾನೆ; ಅದಕ್ಕೆ ಬೇಕಾದ ಸಂಕೇತ ಸಂಖ್ಯೆ ನಿಮ್ಮ ಎಸ್‌ಎಂಎಸ್‌ಗೆ ಬಂದಾಗ ವೈರಸ್ ಅದನ್ನೂ ಒಪ್ಪಿಸುತ್ತದೆ. ಕೂಡಲೇ ನಿಮ್ಮ ಹೆಸರಿನಲ್ಲಿ ಹಾಲು ಸಂಘದ ಗುಂಪು, ಸ್ತ್ರೀಶಕ್ತಿ ಸಂಘದ ಗುಂಪು, ನೆಂಟರ ಗುಂಪು ಎಲ್ಲಕ್ಕೂ ಅದೇ ಫೈಲು ಹೋಗುತ್ತದೆ.

ಶಿಬಿರವೊಂದಕ್ಕೆ ಬಂದಿದ್ದ ರೈತರೊಬ್ಬರಿಗೆ ಫೈಲು ಬಂದದ್ದು ಅಳಿಯನ ನಂಬರಿನಿಂದ. ಸ್ಥಾಪಿಸಿದರು, ಕೇಳಿದ ಅನುಮತಿ ಕೊಟ್ಟರು, ಆ್ಯಪ್ ತೆರೆಯಲಿಲ್ಲ. ಅದರ ಗುರುತು ಪರದೆಯಿಂದ ಕಾಣೆಯೂ ಆಯಿತು. ಕೆಟ್ಟ ಆ್ಯಪ್ ಇರಬೇಕೆಂದು ಸುಮ್ಮನಾದರು. ಮೂರನೆಯ ದಿನ ಬ್ಯಾಂಕಿಗೆ ಹೋದಾಗ ಶುಂಠಿ ಮಾರಿದ ಹಣ ಇರಲಿಲ್ಲ. ಮಗನ ಎದುರು ಸಣ್ಣವನಾಗಬೇಕಲ್ಲ ಎಂದು ಇನ್ನೂ ಎರಡು ದಿನ ಮನೆಯಲ್ಲಿ ಬಾಯಿಬಿಡಲಿಲ್ಲ. ಆ ಎರಡು ದಿನಗಳಲ್ಲಿ ಅವರ ನಂಬರಿನಿಂದ ಫೈಲು ಪಡೆದ ಇಬ್ಬರು ನೆರೆಯವರೂ ಹಣ ಕಳೆದುಕೊಂಡರು. ಹಣ ಹೋದುದಕ್ಕಿಂತ ಇದು ಅವರನ್ನು ಹೆಚ್ಚು ಕೊರೆಯುತ್ತಿತ್ತು.

ಬಾಧೆಯ ಲಕ್ಷಣಗಳು

ಸ್ಥಾಪಿಸಿದ ಆ್ಯಪಿನ ಗುರುತು ಮಾಯವಾಗುವುದು, ವಾಟ್ಸಾಪ್ ತಾನಾಗಿ ಮುಚ್ಚಿಕೊಂಡು ಮತ್ತೆ ನಂಬರು ಕೇಳುವುದು, ಕೇಳದೆಯೇ ಒಟಿಪಿಗಳು ಬರುವುದು, ಹಣ ಕಡಿತವಾದರೂ ಬ್ಯಾಂಕಿನ ಎಸ್‌ಎಂಎಸ್ ಕಾಣದಿರುವುದು ಮುಖ್ಯ ಲಕ್ಷಣಗಳು. ಫೋನು ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಇತರ ಕಾರಣಗಳಿಂದಲೂ ಆಗಬಹುದು, ಇವನ್ನೇ ನೆಚ್ಚಬೇಡಿ. "ಏನೋ ಕಳಿಸಿದ್ದೀರಲ್ಲ, ಏನದು?" ಎಂದು ಯಾರಾದರೂ ಫೋನು ಮಾಡಿದರೆ ಅನುಮಾನವೇ ಬೇಡ.

ಬಾಧೆ ತಗಲಿದಾಗ

ಇಲ್ಲಿ ಕ್ರಮ ಮುಖ್ಯ. ಮೊದಲು ಫೋನಿನ ಇಂಟರ್ನೆಟ್ಟನ್ನೂ ವೈಫೈಯನ್ನೂ ನಿಲ್ಲಿಸಿ, ಸಿಮ್ ಹೊರತೆಗೆಯಿರಿ. ಎರಡು ಸಿಮ್ ಇದ್ದರೆ ಎರಡನ್ನೂ ತೆಗೆಯಿರಿ. ಮನೆಯಲ್ಲಿ ಹಳೆಯ ಗುಂಡಿ ಫೋನು ಇದ್ದರೆ ಬ್ಯಾಂಕಿಗೆ ಜೋಡಿಸಿದ ಸಿಮ್ಮನ್ನು ಅದಕ್ಕೆ ಹಾಕಿ; ಎಪಿಕೆ ಅದರಲ್ಲಿ ನಡೆಯದು, ಒಟಿಪಿಗಳು ಅಂದಿನಿಂದ ಅಲ್ಲಿಗೇ ಬರುತ್ತವೆ. (ಈಗಿನ ಚಿಕ್ಕ ಸಿಮ್ ಹಳೆಯ ಫೋನಿನ ಕುಳಿಗೆ ಸಡಿಲವಾಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಚೌಕಟ್ಟು ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ.)

ಕೂಡಲೇ 1930ಕ್ಕೆ ಕರೆಮಾಡಿ. ಇದು ದೇಶಕ್ಕೆಲ್ಲ ಒಂದೇ ಆಗಿರುವ ಸೈಬರ್ ವಂಚನೆಯ ಸಹಾಯವಾಣಿ. ಕದ್ದ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿ ಕೊನೆಗೆ ನಗದಾಗಿ ತೆಗೆಯುತ್ತಾರೆ. ನಡುವೆ ಎಲ್ಲಿಯಾದರೂ ಇರುವಾಗ ದೂರು ಬಂದರೆ ಆ ಬ್ಯಾಂಕು ಅದನ್ನು ತಡೆಹಿಡಿಯಬಹುದು. ನಗದಾಗಿ ತೆಗೆದ ಮೇಲೆ ಕಷ್ಟ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಎಷ್ಟು ಹಣ, ಯಾವ ಹೊತ್ತು, ವ್ಯವಹಾರದ ಸಂಖ್ಯೆ, ಇವು ಕೈಯಲ್ಲಿರಲಿ. ಹೊತ್ತು ನೆನಪಿಲ್ಲವೆಂದು ತಡಮಾಡಬೇಡಿ. ಆಮೇಲೆ ಬ್ಯಾಂಕಿಗೆ ಕರೆಮಾಡಿ ಯುಪಿಐ, ಕಾರ್ಡು, ಮೊಬೈಲ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗರೂಕತೆಯಿಂದ ನಷ್ಟವಾಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಒಂದೊಂದು ಗಂಟೆಗೂ ಬೆಲೆ ಉಂಟು. ಲಿಖಿತ ದೂರನ್ನು ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲಾಗಲಿ ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಾಗಲಿ ಕೊಡಬಹುದು.

ಮೂರನೆಯದಾಗಿ ಗುಂಪುಗಳಿಗೆ ತಿಳಿಸಬೇಕು. ನಿಮ್ಮ ವಾಟ್ಸಾಪ್ ನಿಮ್ಮ ಕೈಯಲ್ಲಿಲ್ಲದಿರಬಹುದಾದ್ದರಿಂದ ಹೆಂಡತಿ ಅಥವಾ ಮಗನ ಫೋನಿನಿಂದ ತಿಳಿಸಿರಿ: "ನನ್ನ ನಂಬರಿನಿಂದ ಬಂದ ಫೈಲನ್ನು ಯಾರೂ ತೆರೆಯಬೇಡಿ, ಅಳಿಸಿ." ಗುಂಪು ನಡೆಸುವವರು ಆ ಫೈಲನ್ನು ಎಲ್ಲರ ಫೋನಿನಿಂದಲೂ ಅಳಿಸಲು ಸಾಧ್ಯವಿದೆ, ಫೋನು ಶುದ್ಧವಾಗುವವರೆಗೆ ಆ ನಂಬರನ್ನು ಗುಂಪಿನಿಂದ ಹೊರಗಿಡಬೇಕು. ಕಟ್ಟೆ ರೋಗದ ಏಲಕ್ಕಿ ಗಿಡವನ್ನು ಕಂಡ ಕೂಡಲೇ ಕಿತ್ತು ತೆಗೆಯುವ ಕ್ರಮದಂತೆಯೇ ಇದು. ಆದರೆ ಹೊರಗಿಟ್ಟವರಿಗೆ ಒಂದು ಕರೆಮಾಡಿ ಕಾರಣ ತಿಳಿಸಿರಿ. ಗಿಡಕ್ಕೆ ಬೇಸರವಾಗದು, ಮನುಷ್ಯನಿಗೆ ಆಗುತ್ತದೆ.

ಫೋನು ಶುದ್ಧಮಾಡುವುದು ಕೊನೆಯ ಕೆಲಸ. ಅನೇಕರು ಗಾಬರಿಯಲ್ಲಿ ಇದನ್ನೇ ಮೊದಲು ಮಾಡಿ ಪುರಾವೆ ಕಳೆದುಕೊಳ್ಳುತ್ತಾರೆ. ಸಂದೇಶ, ಅದು ಬಂದ ನಂಬರು, ಫೈಲಿನ ಹೆಸರು ಇವುಗಳ ಚಿತ್ರವನ್ನು ಬೇರೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ. ಆ್ಯಪನ್ನು ಕೈಯಿಂದ ತೆಗೆದುಹಾಕುವುದುಂಟು. ಗುರುತು ಅಡಗಿಸಿಕೊಂಡದ್ದು ಸುಲಭವಾಗಿ ಸಿಗುವುದಿಲ್ಲ. ಹೆಚ್ಚು ಖಚಿತವಾದದ್ದು 'ಫ್ಯಾಕ್ಟರಿ ರೀಸೆಟ್', ಅಂದರೆ ಫೋನನ್ನು ಕೊಂಡ ದಿನದ ಸ್ಥಿತಿಗೆ ತರುವುದು. ಇದರಿಂದ ಫೋನಿನಲ್ಲಿರುವುದೆಲ್ಲ ಅಳಿಸುತ್ತದೆ. ಪಹಣಿಯ ಚಿತ್ರ, ಮಕ್ಕಳ ಚಿತ್ರಗಳನ್ನು ಮೊದಲೇ ತೆಗೆದಿಡಿ. ನಂತರ ವಾಟ್ಸಾಪನ್ನು ನಿಮ್ಮ ನಂಬರಿನಿಂದ ಮತ್ತೆ ತೆರೆದರೆ ಕಳ್ಳನ ಫೋನಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಎರಡು ಹಂತದ ಪರಿಶೀಲನೆಯ ಆರು ಅಂಕಿಗಳ ಪಿನ್ ಹಾಕಿ. ಜೋಡಿಸಿದ ಸಾಧನಗಳ ಪಟ್ಟಿ ನೋಡಿ, ಗೊತ್ತಿಲ್ಲದ್ದನ್ನು ತೆಗೆಯಿರಿ. ಬ್ಯಾಂಕಿನ ಪಿನ್‌ಗಳನ್ನೆಲ್ಲ ಬದಲಿಸಿ.

ಪ್ರತಿಬಂಧಕ ಕ್ರಮಗಳು

ಆ್ಯಪನ್ನು ಪ್ಲೇ ಸ್ಟೋರಿನಿಂದ ಮಾತ್ರ ಹಾಕಿಕೊಳ್ಳಿ. ಅದು ನೀಲಿ ಚೀಟಿಯ ಪ್ರಮಾಣಿತ ಬೀಜವಿದ್ದಂತೆ. ಅಲ್ಲಿಯೂ ಒಮ್ಮೊಮ್ಮೆ ಜೊಳ್ಳು ನುಸುಳುವುದರಿಂದ ಹೊರತಂದವರು ಯಾರೆಂದು ಓದಿ ನೋಡಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಪರಿಚಿತ ಆ್ಯಪ್‌ಗಳ ಸ್ಥಾಪನೆಗೆ ವಾಟ್ಸಾಪಿಗೆ ಅವಕಾಶ ಕೊಟ್ಟಿದ್ದರೆ ಈಗಲೇ ತೆಗೆಯಿರಿ. ಪಿ.ಎಂ. ಕಿಸಾನ್ ಕಂತಿನ ಬಗ್ಗೆ ಸಂಶಯ ಬಂದರೆ 155261ಕ್ಕೆ ಕರೆಮಾಡಿ, ಇಲ್ಲವೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಫೈಲು ಕಳುಹಿಸಿದವರನ್ನು ವಾಟ್ಸಾಪಿನಲ್ಲಿ ಕೇಳಬೇಡಿ, ಉತ್ತರಿಸುವವನು ಕಳ್ಳನಿರಬಹುದು. ಮಾಮೂಲು ಕರೆಮಾಡಿ ದನಿ ಕೇಳಿ ವಿಚಾರಿಸಿ.

ಸಾಧ್ಯವಿರುವವರು ಇನ್ನೊಂದು ಏರ್ಪಾಡು ಮಾಡಿಕೊಳ್ಳಬಹುದು. ಬೆಳೆಸಾಲ ಮತ್ತು ಫಸಲಿನ ಹಣದ ಖಾತೆಗೆ ಗುಂಡಿ ಫೋನಿನ ನಂಬರನ್ನು ಜೋಡಿಸಿ, ಅದಕ್ಕೆ ಯುಪಿಐ ಇಡಬೇಡಿ. ಅಂಗಡಿ, ಬಸ್ಸು, ಡೀಸೆಲ್ ಖರ್ಚಿಗೆ ಬೇರೊಂದು ಚಿಕ್ಕ ಖಾತೆ ಸ್ಮಾರ್ಟ್ ಫೋನಿನಲ್ಲಿರಲಿ. ವಾರಕ್ಕೆ ಬೇಕಾದಷ್ಟನ್ನೇ ಅದಕ್ಕೆ ಹಾಕಿಕೊಳ್ಳಿ. ನಂಬರು ಬದಲಿಸಲು ಬ್ಯಾಂಕಿಗೆ ಹೋಗುವಾಗ ಆಧಾರ್ ಮತ್ತು ಪಾಸ್‌ಪುಸ್ತಕ ಒಯ್ಯಿರಿ. 1930 ಎಂಬ ಸಂಖ್ಯೆಯನ್ನು ಫೋನಿನೊಳಗೆ ಮಾತ್ರವಲ್ಲದೆ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೂ ದಪ್ಪಕ್ಷರದಲ್ಲಿ ಬರೆದಿಡಿ.