ಮೋಡದ ಮೇಲಿನ ಗಾಳಿ, ಬಳ್ಳಾರಿಯ ಮಳೆ

ಸಿರುಗುಪ್ಪದಲ್ಲಿ ಭತ್ತದ ಕೊಯ್ಲಿನ ಹೊತ್ತಿಗೆ ಸುರಿಯುವ ಅಕಾಲಿಕ ಮಳೆಗೂ, 20 ಕಿಲೋಮೀಟರ್ ಮೇಲಿನ ಗಾಳಿಗೂ ನಂಟಿದೆಯಾ?
ಇರಬಹುದು.
ಸಮಭಾಜಕದ ಮೇಲೆ, ಮೋಡಗಳಿಗೂ ಎತ್ತರದ ಸ್ತರಗೋಳದಲ್ಲಿ ಗಾಳಿ ಒಮ್ಮೆ ಪೂರ್ವದಿಂದ, ಒಮ್ಮೆ ಪಶ್ಚಿಮದಿಂದ ಬೀಸುತ್ತದೆ.
ಒಂದು ಸುತ್ತಿಗೆ ಸುಮಾರು 28 ತಿಂಗಳು.
ಪೂರ್ವದ ಸರದಿಯಲ್ಲಿ ಮೋಡಗಳ ನೆತ್ತಿಯ ಗಾಳಿ ತಣ್ಣಗಾಗುತ್ತದೆ.
ಕುದಿಯುವ ಪಾತ್ರೆಯ ಮುಚ್ಚಳ ಸಡಿಲವಾದ ಹಾಗೆ, ಮೋಡ ಇನ್ನೂ ಮೇಲೇರುತ್ತದೆ.
ಪುರಾವೆ? ಹಿಂದೂ ಮಹಾಸಾಗರದಿಂದ ಪೂರ್ವಕ್ಕೆ ಸಾಗುವ ಮ್ಯಾಡನ್-ಜೂಲಿಯನ್ ಮಳೆಯಲೆ, ಪೂರ್ವದ ಸರದಿಯ ಚಳಿಗಾಲಗಳಲ್ಲಿ ಹೆಚ್ಚು ಬಲವಾಗಿದೆ. ದಶಕಗಳ ದಾಖಲೆ ಇದೆ. ಆ ಅಲೆ ಇಲ್ಲಿಗೂ ಮಳೆ ತರಬಹುದು.

ಹಾಗಾದರೆ ಕುರುಗೋಡಿನ ಮುಂಗಾರಿಗೂ ಇದೇ ಕಾರಣವಾ?
ಅಲ್ಲ. ಬಳ್ಳಾರಿ ಮಳೆನೆರಳಿನ ಸೀಮೆ. ಇಲ್ಲಿ ಘಟ್ಟ, ಬಂಗಾಳಕೊಲ್ಲಿ, ಎಲ್ ನಿನೋಗಳದೇ ದೊಡ್ಡ ಪಾತ್ರ.
ಕಂಪ್ಯೂಟರ್ ಮಾದರಿಗಳೂ ಮೇಲಿನ ಗಾಳಿಗೂ ಮಳೆಯಲೆಗೂ ಇರುವ ನಂಟನ್ನು ಸರಿಯಾಗಿ ಹಿಡಿದಿಲ್ಲ, ನಿಜ.
ಆದರೆ ಈ ಗಾಳಿಯ ಸರದಿ ತಿಂಗಳುಗಳ ಮೊದಲೇ ಬಹುಪಾಲು ಗೊತ್ತಾಗುತ್ತದೆ. ವಾರಗಳ ಮುನ್ಸೂಚನೆಯಲ್ಲಿ ಅದನ್ನು ಬಿಟ್ಟು ಲೆಕ್ಕ ಹಾಕುವುದು ತಪ್ಪು.