ಕೋಡಿ ನೀರು ಪೋಲಲ್ಲ: ಕೆರೆ ಸರಪಳಿಯ ಜಾಡಿನಲ್ಲಿ ಒಂದು ದಿನದ ನಡಿಗೆ

ಸೋಲೂರು ಭಾಗದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ವೇಳೆ ಎಂಟನೇ ತರಗತಿಗೆ ಜಲಸಂರಕ್ಷಣೆಯ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯ ಮೇಲೆ ಒಂದು ಕೆರೆ ಬರೆದು, ಕೋಡಿಯ ಬಳಿ ಬಾಣದ ಗುರುತು ಹಾಕಿ 'ಪೋಲಾಗುವ ನೀರು' ಎಂದು ಬರೆದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅದು ಪೋಲಾಗಲ್ಲ ಸಾರ್, ನಮ್ಮೂರ ಕೆರೆಗೆ ಬರುತ್ತೆ" ಎಂದಳು. ನನ್ನ ಪಾಠ ಯೋಜನೆಯಲ್ಲಿ ಇದ್ದದ್ದು ಒಂದೇ ಕೆರೆ. ಅವಳ ಅನುಭವದಲ್ಲಿ ಇದ್ದದ್ದು ಕೆರೆಗಳ ಸರಪಳಿ. ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು, ಮುಂದಿನ ಪಾಠವನ್ನು ಗುಡ್ಡದ ಬುಡದಿಂದ ಮೂರು ಕೆರೆಗಳ ನಡಿಗೆಯಾಗಿ ಮಾಡಿದೆ.

ನೀರು ಹರಿಯುವ ದಿಕ್ಕಿನಲ್ಲೇ ನಡೆಯಬೇಕೆಂಬುದು ನಮ್ಮ ನಿಯಮ. ಗುಡ್ಡದ ಬೋಳುಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಬೇಗ ಹರಿದಿಳಿಯುತ್ತದೆ. ಅದನ್ನು ಮೊದಲು ತಡೆಯುವುದು ಮೇಲಿನ ಕೆರೆ. ಏರಿಯ ಬುಡ ಏಕೆ ಅಗಲ ಎಂದು ಕೇಳಿದೆ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂಬ ಉತ್ತರ ಮಕ್ಕಳಿಂದಲೇ ಬಂತು. 'ಬಲ ಮತ್ತು ಒತ್ತಡ' ಪಾಠ ಅಲ್ಲಿ ಕಣ್ಣೆದುರಿಗಿತ್ತು.

ನೀರು ಒಳಬರುವ ಕಡೆಯಿಂದಲೂ ಏರಿಯ ಬಳಿಯಿಂದಲೂ ಒಂದೊಂದು ಹಿಡಿ ಮಣ್ಣು ತಂದು, ಎರಡು ಬಾಟಲಿ ನೀರಿನಲ್ಲಿ ಕಲಕಿ ಇಟ್ಟೆವು. ಮೊದಲನೆಯದರಲ್ಲಿ ಮರಳು ಕೂಡಲೇ ತಳ ಸೇರಿತು. ಎರಡನೆಯದು ಊಟದ ಹೊತ್ತಿಗೂ ರಾಡಿಯಾಗಿಯೇ ಇತ್ತು. ಕೆರೆಗೆ ಬಂದ ನೀರಿನ ವೇಗ ತಗ್ಗಿದಾಗ ಭಾರವಾದ ಕಣಗಳು ಮೊದಲು ಕೂರುತ್ತವೆ, ನುಣುಪಾದ ಜೇಡಿ ದೂರ ಸಾಗುತ್ತದೆ. ಹೀಗೆ ಮೇಲಿನ ಕೆರೆ ಒಂದಷ್ಟು ಹೂಳನ್ನು ತಡೆದು ಕೆಳಗಿನ ಕೆರೆಯನ್ನು ಕಾಯುತ್ತದೆ.

ನಡುವಿನ ಕೆರೆಯ ಕೋಡಿಯ ಮೇಲೆ ಯಾರೋ ಕಲ್ಲು ಪೇರಿಸಿದ್ದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು ನೋಡಿದೆವು. ಕೋಡಿಯ ಮಟ್ಟ ಒಂದು ಗೇಣಿನಷ್ಟು ಏರಿತ್ತು. "ನೀರು ನಿಂತರೆ ನಮ್ಮ ಬೋರ್‌ವೆಲ್‌ಗೆ ಒಳ್ಳೇದು" ಎಂದ ಆ ಊರಿನ ಹುಡುಗ. "ನಮ್ಮ ಕೆರೆ ತುಂಬೋದು ಯಾವಾಗ?" ಎಂದಳು ಅದೇ ಹುಡುಗಿ. ನಾನು ತೀರ್ಪು ಕೊಡಲಿಲ್ಲ. ಜೋರು ಮಳೆ ಬಂದರೆ ಏನಾಗಬಹುದು ಎಂದಷ್ಟೇ ಕೇಳಿದೆ. ಕೋಡಿಯಲ್ಲಿ ಹೋಗಲಾಗದ ನೀರು ಏರಿಯ ಮೇಲೆ ಹರಿದು ಮಣ್ಣು ಕೊಚ್ಚುತ್ತದೆ, ಏರಿ ಒಡೆದರೆ ಆ ರಭಸವನ್ನು ಕೆಳಗಿನ ಕೆರೆಯೂ ತಾಳಲಾರದು ಎಂದು ಇಬ್ಬರೂ ಸೇರಿಯೇ ವಿವರಿಸಿದರು.

ಮೂರನೇ ಕೆರೆಯ ಏರಿಯ ಮೇಲೆ ಕುಳಿತು ಭೂಪಟ ಬಿಡಿಸಿದೆವು. ಶಿವಗಂಗೆ ಬೆಟ್ಟಸೀಮೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಬೆಂಗಳೂರಿಗೆ ಕುಡಿಯುವ ನೀರಿಗಾಗಿ 1933ರಲ್ಲಿ ಅಲ್ಲಿ ಜಲಾಶಯ ಕಟ್ಟಲಾಯಿತು. ಅರ್ಕಾವತಿ ಮುಂದೆ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಊರ ಕೋಡಿಯಿಂದ ಕಾವೇರಿಯವರೆಗೆ ಮಕ್ಕಳ ಬೆರಳು ಹರಿಯಿತು.

ಇಂಥ ನಡಿಗೆ ಕೈಗೊಳ್ಳುವ ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು: ಹಿಂದಿನ ದಿನವೇ ದಾರಿ ನಡೆದು ನೋಡಿ, ಪೋಷಕರ ಒಪ್ಪಿಗೆ ಪಡೆಯಿರಿ, ಒಣಗಿದಂತೆ ಕಾಣುವ ಹೂಳಿನ ಮೇಲೂ ಮಕ್ಕಳನ್ನು ಇಳಿಸಬೇಡಿ, ಮಣ್ಣನ್ನು ದಡದಿಂದಲೇ ತೆಗೆಯಿರಿ. ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆಗಿಂತ ಚಿತ್ರವೇ ನನಗೆ ನೆರವಾಯಿತು. ಸೋಮವಾರ ಮಕ್ಕಳು ಮೂರು ಕೆರೆಗಳನ್ನೂ ಸೇರಿಸಿ ಬರೆದರು. ನಾನು ನನ್ನ ಹಳೆಯ ಚಿತ್ರವನ್ನು ಮತ್ತೆ ಹಲಗೆಯ ಮೇಲೆ ಬರೆದು, 'ಪೋಲಾಗುವ ನೀರು' ಎಂಬುದನ್ನು ಅವರೆದುರೇ ಅಳಿಸಿ, 'ಕೆಳಗಿನ ಕೆರೆಗೆ' ಎಂದು ತಿದ್ದಿದೆ.